ಗ್ಲಾಡಿಯೇಟರ್ (2000): ಚರಿತ್ರೆ ಪೂರ್ತಿ ತಪ್ಪು, ಸಿನಿಮಾ ಯಾಕೆ ಇನ್ನೂ ನಿಂತಿದೆ?

ಒಂಟಿಸೀಟು

ರಿಡ್ಲಿ ಸ್ಕಾಟ್ ನಿರ್ದೇಶನದ ಗ್ಲಾಡಿಯೇಟರ್ ಬಂದು 25 ವರ್ಷ ದಾಟಿತು. ಐತಿಹಾಸಿಕ ಸಾಹಸ ಸಿನಿಮಾ ಅಂದಕೂಡಲೇ ನಮ್ಮಲ್ಲಿ ಎರಡೇ ಮಾತು ಕೇಳುತ್ತದೆ. ಒಂದು, ‘ಸೂಪರ್ ಗುರು’. ಇನ್ನೊಂದು, ‘ಚರಿತ್ರೆ ಎಲ್ಲ ತಿರುಚಿದ್ದಾರೆ’. ಈ ಸಿನಿಮಾಗೆ ಎರಡೂ ಮಾತು ಸಾಲುವುದಿಲ್ಲ. ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ಬಿಡಿಸಿ ಮಾತಾಡೋಣ.

ಕತೆಯಲ್ಲಿ ಹೊಸದೇನಿಲ್ಲ. ಮುದಿ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನ್ನ ದಂಡನಾಯಕ ಮ್ಯಾಕ್ಸಿಮಸ್‌ಗೆ ಅಧಿಕಾರ ಒಪ್ಪಿಸಬೇಕು ಅಂದುಕೊಳ್ಳುತ್ತಾನೆ. ಮಗ ಕೊಮೊಡಸ್ ಅಪ್ಪನನ್ನು ಕೊಂದು ಪಟ್ಟಕ್ಕೇರುತ್ತಾನೆ. ಮ್ಯಾಕ್ಸಿಮಸ್‌ನ ಹೆಂಡತಿ, ಮಗನನ್ನೂ ಕೊಲ್ಲಿಸುತ್ತಾನೆ. ದಂಡನಾಯಕ ಗುಲಾಮನಾಗುತ್ತಾನೆ, ಜನರ ಮನರಂಜನೆಗೆ ಹೋರಾಡುವ ಗ್ಲಾಡಿಯೇಟರ್ ಆಗುತ್ತಾನೆ, ಕೊನೆಗೆ ಅಖಾಡದಲ್ಲೇ ಸೇಡು ತೀರಿಸಿಕೊಳ್ಳುತ್ತಾನೆ. ಇಷ್ಟೇ.

ಆದರೂ ಸಿನಿಮಾ ನಿಂತಿದೆ. ಕಾರಣ ನನ್ನ ಪ್ರಕಾರ ಮ್ಯಾಕ್ಸಿಮಸ್ ಪಾತ್ರದ ರಸೆಲ್ ಕ್ರೋ ಅಲ್ಲ, ಕೊಮೊಡಸ್ ಪಾತ್ರದ ವಾಕೀನ್ ಫೀನಿಕ್ಸ್. ಡೇರೆಯೊಳಗಿನ ದೃಶ್ಯ ನೆನಪು ಮಾಡಿಕೊಳ್ಳಿ. ನಿನಗೆ ಪಟ್ಟವಿಲ್ಲ ಅಂತ ಅಪ್ಪ ಹೇಳುತ್ತಾನೆ. ಮಗ ಕೂಗಾಡುವುದಿಲ್ಲ. ನೀವು ಒಮ್ಮೆ ನಾಲ್ಕು ಸದ್ಗುಣ ಬರೆದು ಕಳಿಸಿದ್ದಿರಿ, ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ, ಅದರಲ್ಲಿ ಒಂದೂ ನನ್ನಲ್ಲಿಲ್ಲ ಅಂತ ಓದುವಾಗಲೇ ಗೊತ್ತಾಯಿತು ಅನ್ನುತ್ತಾನೆ. ನನ್ನಲ್ಲಿ ಬೇರೆ ಗುಣಗಳಿದ್ದವು, ಅವು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ ಅನ್ನುತ್ತಾನೆ. ದನಿ ನಡುಗುತ್ತಿರುತ್ತದೆ. ಅಪ್ಪ ಮಂಡಿಯೂರಿ, ನೀನು ಹೀಗಾದದ್ದು ನನ್ನ ಸೋಲು ಅನ್ನುತ್ತಾನೆ. ಮಗ ತಬ್ಬಿಕೊಳ್ಳುತ್ತಾನೆ. ಆ ಅಪ್ಪುಗೆಯಲ್ಲೇ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಮೊದಲು ಖಳನ ಮೇಲೆ ಕನಿಕರ ಹುಟ್ಟಿಸಿ, ಆಮೇಲೆ ಅವನ ಕೈಯಲ್ಲಿ ಕೊಲೆ ಮಾಡಿಸುವ ಧೈರ್ಯ ಇಂಥ ಸಿನಿಮಾಗಳಲ್ಲಿ ಕಡಿಮೆ.

ಜೊಳ್ಳು ಅಂದರೆ ರಾಜಕೀಯ. ‘ರೋಮನ್ನು ಮತ್ತೆ ಜನರ ಕೈಗೆ ಕೊಡಬೇಕು’ ಅಂತ ಒಳ್ಳೆಯವರೆಲ್ಲ ಹೇಳುತ್ತಾರೆ. ಯಾವ ಜನ? ಸೆನೆಟ್ ಅಂದರೆ ದೊಡ್ಡ ಜಮೀನ್ದಾರರ ಸಭೆ. ಇನ್ನು ಸಾಮಾನ್ಯ ಜನ ಸಿನಿಮಾದಲ್ಲಿ ಕಾಣುವುದು ಕೊಲೋಸಿಯಂನಲ್ಲಿ ಕೂತು ರಕ್ತಕ್ಕಾಗಿ ಕಿರುಚುವಾಗ ಮಾತ್ರ. ಅವರ ಕೈಗೆ ರಾಜ್ಯ ಬಂದರೆ ಏನಾಗುತ್ತದೆ ಅಂತ ಚಿತ್ರಕತೆ ಕೇಳುವುದೇ ಇಲ್ಲ. ಇದು ನನ್ನ ದೂರು. ನಿಮ್ಮದು ಹೇಳಿ.

ಸುಮ್ನೆಬಂದೆ

ಹುಲಿ ಸೀನ್ ಇರುವ ತನಕ ನನ್ನದು ಯಾವ ದೂರೂ ಇಲ್ಲ. ಕಡ್ಲೆಕಾಯಿ ಹಿಡಿದು ಕೂತಿದ್ದೇನೆ, ಮುಂದುವರಿಸಿ.

ಇತಿಹಾಸಮೇಷ್ಟ್ರು

ಒಂಟಿಸೀಟು ಅವರೇ, ‘ತಿರುಚಿದ್ದಾರೆ’ ಅನ್ನುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ಆದರೆ ನನ್ನ ತಕರಾರು ಬೇರೆ.

ಸಣ್ಣಪುಟ್ಟ ತಪ್ಪು ಲೆಕ್ಕ ಹಾಕುವುದರಲ್ಲಿ ನನಗೆ ಆಸಕ್ತಿ ಇಲ್ಲ. ರೋಮನ್ ಕುದುರೆ ಸವಾರರಿಗೆ ರಿಕಾಪು (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಇರಲಿಲ್ಲ, ಸಿನಿಮಾದಲ್ಲಿ ಇದೆ. ಬಿಡಿ, ರಿಕಾಪಿಲ್ಲದೆ ನಟರನ್ನು ಕಾಡಿನಲ್ಲಿ ಓಡಿಸಿದರೆ ಇನ್ಶೂರೆನ್ಸ್‌ನವರು ಬಿಡುತ್ತಾರಾ? ಮ್ಯಾಕ್ಸಿಮಸ್ ಅನ್ನುವ ದಂಡನಾಯಕ ಇರಲೇ ಇಲ್ಲ. ಅದೂ ಇರಲಿ.

ದೊಡ್ಡ ತಪ್ಪು ಅಪ್ಪನ ವಿಷಯದಲ್ಲಿದೆ. ಕೊಮೊಡಸ್‌ನನ್ನು ಸಹಚಕ್ರವರ್ತಿ ಮಾಡಿದ್ದು ಸ್ವತಃ ಮಾರ್ಕಸ್ ಔರೇಲಿಯಸ್, ಕ್ರಿ.ಶ. 177ರಲ್ಲಿ. ಮೂರು ವರ್ಷ ಅಪ್ಪ ಮಗ ಒಟ್ಟಿಗೇ ಆಳಿದರು. 180ರ ಮಾರ್ಚ್‌ನಲ್ಲಿ ಅಪ್ಪ ಕಾಯಿಲೆಯಿಂದ ತೀರಿಕೊಂಡ. ಮಗನಿಗೆ ಆಗ 18 ವರ್ಷ. ಮಾರ್ಕಸ್‌ಗಿಂತ ಹಿಂದಿನ ನಾಲ್ವರು ಚಕ್ರವರ್ತಿಗಳಿಗೆ ಬದುಕಿ ಉಳಿದ ಗಂಡುಮಕ್ಕಳಿರಲಿಲ್ಲ. ಯೋಗ್ಯರನ್ನು ನೋಡಿ ದತ್ತು ತೆಗೆದುಕೊಂಡರು, ರಾಜ್ಯ ಒಳ್ಳೆಯವರ ಕೈಗೇ ಹೋಗುತ್ತಾ ಬಂತು. ಆ ಸಂಪ್ರದಾಯ ಮುರಿದದ್ದು ಇಡೀ ಜಗತ್ತು ‘ತತ್ವಜ್ಞಾನಿ ಚಕ್ರವರ್ತಿ’ ಅಂತ ಹೊಗಳುವ ಈ ಮನುಷ್ಯನೇ. ಅಷ್ಟೆಲ್ಲ ವೈರಾಗ್ಯ ಬರೆದವನು ಮಗನ ವಿಷಯದಲ್ಲಿ ಎಲ್ಲ ಅಪ್ಪಂದಿರ ಹಾಗೆಯೇ ನಡೆದುಕೊಂಡ.

ಇದಕ್ಕಿಂತ ಒಳ್ಳೆ ನಾಟಕ ಬೇಕಾ? ಸಿನಿಮಾ ಅದನ್ನು ಬಿಟ್ಟು, ಅಪ್ಪ ಕೊನೇ ಗಳಿಗೆಯಲ್ಲಿ ಸರಿಯಾದ ತೀರ್ಮಾನ ಮಾಡಿದ್ದ, ದುಷ್ಟ ಮಗ ಕೊಂದ ಅನ್ನುತ್ತದೆ. ಹಿರಿಯರನ್ನು ಕಳಂಕವಿಲ್ಲದೆ ಉಳಿಸುವ ಕೆಲಸ. ನಮ್ಮ ಐತಿಹಾಸಿಕ ಚಿತ್ರಗಳಲ್ಲೂ ಇದೇ ರೋಗ ಅಲ್ವಾ?

ಒಂಟಿಸೀಟು

ಮೇಷ್ಟ್ರೇ, ಇದು ಒಳ್ಳೆ ಮಾತು. ಆದರೆ ‘ನೀನು ಹೀಗಾದದ್ದು ನನ್ನ ಸೋಲು’ ಅನ್ನುವ ಸಾಲಿನಲ್ಲಿ ಅದರ ನೆರಳು ಇದೆ. ಅಪ್ಪನನ್ನು ತಪ್ಪಿನಿಂದ ಪೂರ್ತಿ ಪಾರು ಮಾಡಿಲ್ಲ.

ಇತಿಹಾಸಮೇಷ್ಟ್ರು

ನೆರಳು ಇದೆ, ಒಪ್ಪಿದೆ. ಮೈ ಇಲ್ಲ.

ಇನ್ನೊಂದು ವಿಷಯ. ನಿಜವಾದ ಕೊಮೊಡಸ್ ಸಿನಿಮಾದವನಿಗಿಂತ ವಿಚಿತ್ರ. ತಾನು ಹರ್ಕ್ಯುಲಸ್ ಅಂತ ಹೇಳಿಕೊಂಡು ಸಿಂಹದ ಚರ್ಮ ಹೊದ್ದು, ಗದೆ ಹಿಡಿದು ವಿಗ್ರಹ ಮಾಡಿಸಿಕೊಂಡಿದ್ದ. ತಿಂಗಳುಗಳಿಗೆಲ್ಲ ತನ್ನದೇ ಹೆಸರು, ಬಿರುದು ಇಟ್ಟ. ಚಕ್ರವರ್ತಿ ಆಗಿದ್ದುಕೊಂಡೇ ಅಖಾಡಕ್ಕೆ ಇಳಿಯುತ್ತಿದ್ದ. ಕ್ಯಾಸಿಯಸ್ ಡಿಯೊ ಅನ್ನುವ ಇತಿಹಾಸಕಾರ ಆಗ ಸೆನೆಟರ್, ಕಣ್ಣಾರೆ ನೋಡಿ ಬರೆದಿದ್ದಾನೆ. ಒಮ್ಮೆ ಕೊಮೊಡಸ್ ಉಷ್ಟ್ರಪಕ್ಷಿಯ ತಲೆ ಕಡಿದು, ಒಂದು ಕೈಯಲ್ಲಿ ಆ ತಲೆ, ಇನ್ನೊಂದರಲ್ಲಿ ರಕ್ತದ ಕತ್ತಿ ಹಿಡಿದು ಸೆನೆಟರ್‌ಗಳ ಮುಂದೆ ಬಂದು ನಿಂತನಂತೆ. ಬಾಯಿ ಬಿಡಲಿಲ್ಲ, ತಲೆಯಾಡಿಸಿ ಹಲ್ಲುಕಿರಿದನಂತೆ. ಮುಂದಿನ ಸರದಿ ನಿಮ್ಮದು ಅನ್ನುವ ಹಾಗೆ. ಡಿಯೊಗೆ ಹೆದರಿಕೆಯ ಬದಲು ನಗು ಬಂತು. ನಕ್ಕರೆ ತಲೆ ಹೋಗುತ್ತದೆ. ತಲೆ ಮೇಲಿದ್ದ ಹಾರದಿಂದ ಲಾರೆಲ್ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದ. ಪಕ್ಕದವರಿಗೂ ಹಾಗೇ ಮಾಡಿ ಅಂದ.

ಈ ದೃಶ್ಯ ಸಿನಿಮಾದಲ್ಲಿ ಇಲ್ಲ. ಇದ್ದಿದ್ದರೆ ‘ಓವರ್ ಆಯ್ತು’ ಅಂತ ನೀವೇ ಅನ್ನುತ್ತಿದ್ದಿರಿ.

ಸುಮ್ನೆಬಂದೆ

ಸರ್, ನಮ್ಮ ಆಫೀಸಿನ ಮೀಟಿಂಗ್‌ಗಳಿಗೆ ಆ ಎಲೆ ಎಲ್ಲಿ ಸಿಗುತ್ತದೆ?

ಕತ್ತರಿಕೈ

ನಾನು ಎಡಿಟಿಂಗ್ ಕೆಲಸದಲ್ಲಿರುವವನು, ಹಾಗಾಗಿ ಹೊಡೆದಾಟದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲ ಜರ್ಮೇನಿಯಾ ಯುದ್ಧವನ್ನು ಎಲ್ಲರೂ ಕೊಂಡಾಡುತ್ತಾರೆ. ಇಂಗ್ಲೆಂಡಿನ ಸರ್ರೆಯ ಬೋರ್ನ್ ವುಡ್ ಅನ್ನುವ ಕಾಡಿನಲ್ಲಿ ತೆಗೆದದ್ದು. ಅರಣ್ಯ ಇಲಾಖೆಯವರೇ ಆ ಭಾಗ ಕಡಿಯಬೇಕು ಅಂತಿದ್ದರು, ಹಾಗಾಗಿ ನಿಜವಾಗಿಯೇ ಬೆಂಕಿ ಹಚ್ಚಲು ಬಿಟ್ಟರು. ಆ ಬೆಂಕಿ, ಹೊಗೆ, ಕೆಸರು, ನೀಲಿ ಬೆಳಕು ಇವತ್ತಿಗೂ ನಕಲಿ ಅನಿಸುವುದಿಲ್ಲ. ಯುದ್ಧ ಶುರುವಾಗುವ ಮುಂಚಿನ ಮೌನ, ಸಾಲುಸಾಲು ಬಾಣಗಳಿಗೆ ಬೆಂಕಿ ತಗಲುತ್ತಾ ಹೋಗುವುದು, ಅದೆಲ್ಲ ಅದ್ಭುತ.

ಆದರೆ ಎರಡು ಪಡೆ ಡಿಕ್ಕಿ ಹೊಡೆದ ಮೇಲೆ? ಯಾರು ಎಲ್ಲಿ ಅಂತ ಗೊತ್ತಾಗುವುದಿಲ್ಲ. ಕ್ಯಾಮೆರಾದ ವೇಗ ಬದಲಿಸಿ ಕೆಲವು ಕಡೆ ಜರ್ಕ್ ಹೊಡೆಸಿದ್ದಾರೆ, ಕೆಲವು ಕಡೆ ಚಿತ್ರವನ್ನೇ ಕಲಸಿದ್ದಾರೆ. ಕೊನೆಕೊನೆಗೆ ನಿಧಾನಗತಿಯ ಮಸುಕು ದೃಶ್ಯಗಳ ರಾಶಿ. ಯುದ್ಧದ ಗಲಿಬಿಲಿ ತೋರಿಸಲು ಹೀಗೆ ಮಾಡಿದರು ಅನ್ನುತ್ತಾರೆ. ಹೊಡೆತ ಬೀಳದೇ ಇರುವುದನ್ನು ಮುಚ್ಚಲೂ ಇದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಆಮೇಲೆ ಬಂದವರೆಲ್ಲ ಇದನ್ನೇ ಹಿಡಿದುಕೊಂಡರು. ನಮ್ಮವರೂ.

ನಿಜವಾದ ಪಾಠ ಇರುವುದು ಕೊಲೋಸಿಯಂನ ಮೊದಲ ಹೋರಾಟದಲ್ಲಿ. ಕಾರ್ತೇಜ್ ಯುದ್ಧದ ಮರುಪ್ರದರ್ಶನ. ಮ್ಯಾಕ್ಸಿಮಸ್ ಗುಂಪಿನವರು ರೋಮ್ ಶತ್ರು ಹ್ಯಾನಿಬಲ್‌ನ ಕಡೆಯವರು, ಸೋಲಬೇಕಾದವರು. ಗುಂಪು ಅಖಾಡದ ನಡುವೆ, ಸುತ್ತ ರಥಗಳು. ಮ್ಯಾಕ್ಸಿಮಸ್ ‘ಒಟ್ಟಿಗಿದ್ದರೆ ಬದುಕುತ್ತೇವೆ’ ಅನ್ನುತ್ತಾನೆ. ಗುರಾಣಿ ಸೇರಿಸಿ ಗೋಡೆ ಕಟ್ಟುತ್ತಾರೆ. ರಥ ಮೊದಲ ಸುತ್ತು ಬರುತ್ತದೆ, ಮಾತು ಕೇಳದೆ ಒಂಟಿ ನಿಂತವನು ಸಾಯುತ್ತಾನೆ. ಎರಡನೇ ಸುತ್ತಿಗೆ ಗುಂಪು ಮಾತು ಕೇಳುತ್ತದೆ. ಮೂರನೆಯದಕ್ಕೆ ರಥ ಉರುಳುತ್ತದೆ. ನೋಡುವವನಿಗೆ ಮೈದಾನದ ನಕ್ಷೆ ತಲೆಯಲ್ಲಿ ಕೂತಿರುತ್ತದೆ. ಯಾಕೆ ಗೆದ್ದರು ಅಂತಲೂ ಗೊತ್ತಿರುತ್ತದೆ. ಮೇಲಿಂದ ಕೊಮೊಡಸ್, ‘ನನಗೆ ಚರಿತ್ರೆ ಸ್ವಲ್ಪ ಮರೆತಿದೆ, ಕಾರ್ತೇಜ್‌ನಲ್ಲಿ ಸೋಲಬೇಕಾದವರು ಇವರಲ್ಲವೇ?’ ಅಂತ ಕೇಳುವುದು ಅದಕ್ಕೆ ಒಗ್ಗರಣೆ.

ಅಂದಹಾಗೆ ಆ ಉರುಳಿದ ರಥದ ಹಿಂಭಾಗ ಗಮನಿಸಿ. ಗ್ಯಾಸ್ ಸಿಲಿಂಡರ್ ಕಾಣುತ್ತದೆ.

ಕೊನೆಯ ದ್ವಂದ್ವಯುದ್ಧ ಮಾತ್ರ ಸಪ್ಪೆ. ಕೊಮೊಡಸ್ ಮೊದಲೇ ಕದ್ದು ಚುಚ್ಚಿದ್ದಾನೆ, ಹಾಗಾಗಿ ಇಬ್ಬರೂ ಸಮಾನರಲ್ಲ. ಫಲಿತಾಂಶ ಗೊತ್ತು. ನಿಧಾನಗತಿ, ಗುಲಾಬಿ ದಳ, ಸಂಗೀತ. ಮುಗೀತು.

ಗರಡಿಮನೆ

ಕತ್ತರಿಕೈ ಅಣ್ಣ, ಕಾರ್ತೇಜ್ ವಿಷಯದಲ್ಲಿ ನಿಮ್ಮ ಮಾತಿಗೆ ನೂರಕ್ಕೆ ನೂರು. ನಾನು ಮೈಸೂರಿನ ಗರಡಿಯಲ್ಲಿ ಮಟ್ಟಿಯಲ್ಲಿ ಉರುಳಾಡಿ ಬೆಳೆದವನು. ನನಗೆ ಈ ಸಿನಿಮಾದಲ್ಲಿ ಇಷ್ಟವಾದದ್ದು ಮ್ಯಾಕ್ಸಿಮಸ್ ಪ್ರತಿ ಸಲ ಹೋರಾಟಕ್ಕೆ ಮುಂಚೆ ಬಗ್ಗಿ ಮಣ್ಣು ತೆಗೆದು ಅಂಗೈಗೆ ಉಜ್ಜಿಕೊಳ್ಳುವುದು. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಜರ್ಮೇನಿಯಾದ ಕಪ್ಪು ಮಣ್ಣು, ಆಫ್ರಿಕಾದ ಕೆಂಧೂಳು, ಕೊಲೋಸಿಯಂನ ಮರಳು. ನಮ್ಮ ಪೈಲ್ವಾನರೂ ಕೈಗೆ ಮಣ್ಣು ಹಚ್ಚದೆ ಕುಸ್ತಿಗೆ ಇಳಿಯುವುದಿಲ್ಲ. ಹಿಡಿತಕ್ಕೂ ಬೇಕು, ಭಕ್ತಿಗೂ ಬೇಕು.

ತಪ್ಪು ಅನಿಸಿದ್ದು ಸಾವಿನ ಲೆಕ್ಕ. ಗ್ಲಾಡಿಯೇಟರ್‌ಗಳು ನೊಣಗಳ ಹಾಗೆ ಸಾಯುತ್ತಾರೆ. ಒಬ್ಬ ಹೋರಾಟಗಾರನನ್ನು ತಯಾರು ಮಾಡಲು ಎಷ್ಟು ಅನ್ನ, ಎಷ್ಟು ಎಣ್ಣೆ, ಎಷ್ಟು ವರ್ಷ ಬೇಕು ಅಂತ ಗರಡಿ ನಡೆಸುವವರನ್ನು ಕೇಳಿ. ಯಾವ ಮಾಲೀಕ ದಿನಕ್ಕೆ ಹತ್ತು ಜನರನ್ನು ಕಳೆದುಕೊಂಡು ವ್ಯಾಪಾರ ಮಾಡುತ್ತಾನೆ? ಮೇಷ್ಟ್ರು ಹೇಳಬೇಕು.

ಇತಿಹಾಸಮೇಷ್ಟ್ರು

ಗರಡಿಮನೆಯವರು ಸರಿಯಾಗಿ ಹಿಡಿದರು. ಗಾಯಸ್ ಅನ್ನುವ 2ನೇ ಶತಮಾನದ ಕಾನೂನು ಪಂಡಿತ ಒಂದು ಕರಾರಿನ ಉದಾಹರಣೆ ಕೊಡುತ್ತಾನೆ. ಗ್ಲಾಡಿಯೇಟರ್‌ಗಳನ್ನು ಕೊಟ್ಟಾಗ, ಗಾಯವಿಲ್ಲದೆ ವಾಪಸ್ ಬಂದರೆ ತಲೆಗೆ 20 ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ). ಸತ್ತರೆ ಅಥವಾ ಊನವಾದರೆ 1000. ಹಾಗಿದ್ದರೆ ಇದು ಬಾಡಿಗೆಯೋ ಮಾರಾಟವೋ ಅನ್ನುವುದು ಅವನ ಪ್ರಶ್ನೆ. ಉಳಿದವನು ಬಾಡಿಗೆ, ಹೋದವನು ಮಾರಾಟ ಅನ್ನುವುದು ಉತ್ತರ. ಅಂದರೆ ಒಬ್ಬ ಸತ್ತರೆ 50 ಪಟ್ಟು ಖರ್ಚು. ಬೇಕಾಬಿಟ್ಟಿ ಕೊಲ್ಲಿಸುವ ಹಾಗಿರಲಿಲ್ಲ.

ತಿನ್ನುತ್ತಿದ್ದದ್ದೂ ಮಾಂಸದ ರಾಶಿಯಲ್ಲ. ಅವರಿಗೆ ‘ಬಾರ್ಲಿ ತಿನ್ನುವವರು’ ಅಂತಲೇ ಅಡ್ಡಹೆಸರಿತ್ತು. ಟರ್ಕಿಯ ಎಫೆಸಸ್‌ನಲ್ಲಿ ಸಿಕ್ಕ ಗ್ಲಾಡಿಯೇಟರ್‌ಗಳ ಸ್ಮಶಾನದ ಮೂಳೆ ಪರೀಕ್ಷೆ ಮಾಡಿದವರೂ ಧಾನ್ಯ, ಕಾಳು ಜಾಸ್ತಿ ಅಂತಲೇ ಹೇಳಿದ್ದಾರೆ.

ಇನ್ನು ಮ್ಯಾಕ್ಸಿಮಸ್ ಮಾಲೀಕ ಪ್ರಾಕ್ಸಿಮೊ ಸಿನಿಮಾದಲ್ಲಿ ದೂರುವ ಹಾಗೆ ಮಾರ್ಕಸ್ ಔರೇಲಿಯಸ್ ಆಟಗಳನ್ನು ನಿಲ್ಲಿಸಿರಲಿಲ್ಲ. ಅವನಿಗೆ ರಕ್ತ ಇಷ್ಟವಿರಲಿಲ್ಲ, ತಾನು ನೋಡುವಾಗ ಮೊಂಡು ಆಯುಧ ಕೊಡಿಸುತ್ತಿದ್ದನಂತೆ. 177ರಲ್ಲಿ ಗ್ಲಾಡಿಯೇಟರ್‌ಗಳ ಬೆಲೆ ಇಳಿಸಲು ಒಂದು ಕಾನೂನು ಮಾಡಿದರು. ಅದರ ಕಂಚಿನ ಫಲಕ ಸ್ಪೇನಿನ ಸೆವಿಲ್ಲೆ ಹತ್ತಿರದ ಇಟಾಲಿಕಾದಲ್ಲಿ ಸಿಕ್ಕಿದೆ.

ಮಲಪ್ರಭೆ

ಎಲ್ಲರೂ ಕತ್ತಿ, ಮಣ್ಣು, ಬಾರ್ಲಿ ಅಂತ ಮಾತಾಡಿದಿರಿ. ಈ ಸಿನಿಮಾದಲ್ಲಿ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ಯಾರಾದರೂ ಎಣಿಸಿದಿರಾ?

ಮ್ಯಾಕ್ಸಿಮಸ್‌ನ ಹೆಂಡತಿಗೆ ಹೆಸರೇ ಇಲ್ಲ. ಮಾತೂ ಇಲ್ಲ. ಅವಳು ಮೊದಲು ನೆನಪು, ಆಮೇಲೆ ಸುಟ್ಟ ಹೆಣ, ಕೊನೆಗೆ ಸ್ವರ್ಗದ ದಾರಿಯಲ್ಲಿ ನಿಂತ ಆಕೃತಿ. ಗಂಡನಿಗೆ ಸಿಟ್ಟು ಬರಿಸಲು ಬೇಕಿತ್ತು, ಬಂದಳು, ಸತ್ತಳು.

ಉಳಿದದ್ದು ಕೊಮೊಡಸ್ ಅಕ್ಕ ಲುಸಿಲ್ಲಾ ಒಬ್ಬಳೇ. ಕೋನಿ ನೀಲ್ಸನ್ ಭಾಳ ಚೆಂದ ಮಾಡಿದ್ದಾರೆ. ನೀನು ಗಂಡಾಗಿ ಹುಟ್ಟಿದ್ದರೆ ಎಂಥ ಸೀಸರ್ ಆಗುತ್ತಿದ್ದೆ ಅಂತ ಅಪ್ಪನೇ ಹೇಳುತ್ತಾನೆ. ಅಂದರೆ ರಾಜಕೀಯ ತಲೆ ಇರುವುದು ಅವಳಿಗೆ ಅಂತ ಸಿನಿಮಾಗೇ ಗೊತ್ತು. ಗೊತ್ತಿದ್ದೂ ಏನು ಮಾಡಿದರು? ತಮ್ಮನ ಕೆಟ್ಟ ಕಣ್ಣಿಗೆ ಹೆದರುವ ಅಕ್ಕ, ಮಗನಿಗಾಗಿ ಗುಟ್ಟು ಬಿಟ್ಟುಕೊಡುವ ತಾಯಿ. ಅಷ್ಟರಲ್ಲೇ ಕಟ್ಟಿಹಾಕಿದರು.

ಆದರೂ ಒಂದು ದೃಶ್ಯಕ್ಕೆ ಕೈ ಮುಗಿಯಬೇಕು. ಕೊಮೊಡಸ್ ಅವಳ ಮಗ ಲೂಸಿಯಸ್‌ನನ್ನು ಹತ್ತಿರ ಕೂಡಿಸಿಕೊಂಡು ಹಳೇ ಚಕ್ರವರ್ತಿ ಕ್ಲಾಡಿಯಸ್‌ನ ಕತೆ ಹೇಳುತ್ತಾನೆ. ಸ್ವಂತ ರಕ್ತದವರೇ ಮೋಸ ಮಾಡಿದರು ಅಂತ. ಮಕ್ಕಳಿಗೆ ಹೇಳುವ ಮೆತ್ತಗಿನ ದನಿ. ಕಣ್ಣು ಮಾತ್ರ ಲುಸಿಲ್ಲಾ ಮೇಲೆ. ಅವಳು ಕೂತಲ್ಲೇ ಬಿಳಿಚಿಕೊಳ್ಳುತ್ತಾಳೆ. ಕತ್ತಿ ಇಲ್ಲ, ಕೂಗಾಟ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಹೆದರಿಕೆ ಆದದ್ದು ಅಲ್ಲಿ.

ಮೇಷ್ಟ್ರೇ, ನಿಜವಾದ ಲುಸಿಲ್ಲಾ ಏನಾದಳು?

ಇತಿಹಾಸಮೇಷ್ಟ್ರು

ಸಿನಿಮಾದಲ್ಲಿ ಅವಳು ತಮ್ಮನಿಗಿಂತ ಜಾಸ್ತಿ ದಿನ ಬದುಕುತ್ತಾಳೆ. ಚರಿತ್ರೆಯಲ್ಲಿ ಹಾಗಾಗಲಿಲ್ಲ. ಅವಳು ಚಕ್ರವರ್ತಿ ಲೂಸಿಯಸ್ ವೀರಸ್‌ನ ಹೆಂಡತಿಯಾಗಿದ್ದವಳು, ಸ್ವತಃ ಸಾಮ್ರಾಜ್ಞಿ. ಕೊಮೊಡಸ್ ಪಟ್ಟಕ್ಕೆ ಬಂದ ಒಂದೆರಡು ವರ್ಷದಲ್ಲೇ ಅವನನ್ನು ಕೊಲ್ಲಿಸಲು ಸಂಚು ಹೂಡಿದಳು. ಚಾಕು ಹಿಡಿದು ಬಂದವನು ಸುಮ್ನೆ ಚುಚ್ಚುವುದು ಬಿಟ್ಟು, ‘ಸೆನೆಟ್ ನಿನಗೆ ಇದನ್ನು ಕಳಿಸಿದೆ’ ಅಂತ ಡೈಲಾಗ್ ಹೊಡೆದ. ಅಷ್ಟರಲ್ಲಿ ಹಿಡಿದರು. ಲುಸಿಲ್ಲಾಳನ್ನು ಕಾಪ್ರಿ ದ್ವೀಪಕ್ಕೆ ಗಡೀಪಾರು ಮಾಡಿ, ಅಲ್ಲೇ ಕೊಲ್ಲಿಸಿದರು.

ಕೊಮೊಡಸ್ ಸತ್ತದ್ದು 192ರ ಡಿಸೆಂಬರ್ 31ರಂದು. ಹನ್ನೆರಡು ವರ್ಷ ಆಳಿದ ಮೇಲೆ. ಅವನ ಪ್ರೇಯಸಿ ಮಾರ್ಸಿಯಾ ವಿಷ ಕೊಟ್ಟಳು, ವಾಂತಿ ಮಾಡಿಕೊಂಡು ಬದುಕಿಕೊಂಡಾನು ಅಂತ ನಾರ್ಸಿಸಸ್ ಅನ್ನುವ ಪೈಲ್ವಾನನನ್ನು ಕಳಿಸಿ ಕತ್ತು ಹಿಸುಕಿಸಿದರು.

ಗರಡಿಮನೆ

ನೋಡಿ, ಕೊನೆಗೆ ಕುಸ್ತಿಯವನೇ ಬೇಕಾಯಿತು.

ತುಂಗಾತೀರ

ಸಂಗೀತದ ಬಗ್ಗೆ ಯಾರೂ ಹೇಳಲಿಲ್ಲ. ಹ್ಯಾನ್ಸ್ ಜಿಮ್ಮರ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಈ ಸಿನಿಮಾದ ಜೀವ ಲಿಸಾ ಜೆರಾರ್ಡ್ ದನಿ. ಕೊನೆಯ ಹಾಡಿನಲ್ಲಿ ಅವರು ಹಾಡುವುದು ಯಾವ ದೇಶದ ಭಾಷೆಯೂ ಅಲ್ಲ, ಅವರೇ ಕಟ್ಟಿಕೊಂಡದ್ದು. ಆದರೂ ಗಂಟಲು ತುಂಬಿ ಬರುತ್ತದೆ. ಮೊರಾಕೊ ದೃಶ್ಯಗಳಲ್ಲಿ ಕೇಳುವ ಶಹನಾಯಿಗಿಂತ ಮೆತ್ತಗಿನ ಊದುವಾದ್ಯ ಆರ್ಮೇನಿಯಾದ ದುದುಕ್, ನುಡಿಸಿದ್ದು ಜಿವಾನ್ ಗಾಸ್ಪರ್ಯಾನ್. ಇದಾದ ಮೇಲೆ ಮರಳುಗಾಡು ತೋರಿಸುವ ಎಷ್ಟೋ ಸಿನಿಮಾಗಳಿಗೆ ದುದುಕ್ ಅಥವಾ ಹೆಂಗಸಿನ ಆಲಾಪ ಕಡ್ಡಾಯವಾಯಿತು. ಅದರ ಪಾಪವೂ ಇದಕ್ಕೇ ಸೇರಬೇಕು.

ದೌರ್ಬಲ್ಯ ಅಂದರೆ ಯುದ್ಧದ ಸಂಗೀತ. ಇಂಗ್ಲೆಂಡಿನ ಸಂಗೀತ ರಚನಕಾರ ಹೋಲ್ಸ್ಟ್ ಅವರ ‘ಮಾರ್ಸ್’ ಕೇಳಿದವರಿಗೆ ಹೋಲಿಕೆ ತಕ್ಷಣ ಕಾಣುತ್ತದೆ. ಹೋಲ್ಸ್ಟ್ ಪ್ರತಿಷ್ಠಾನ ಕೋರ್ಟಿಗೂ ಹೋಗಿತ್ತು.

ಹೊಸನೋಡುಗ

ನಮಸ್ಕಾರ. ನಾನು 2024ರ ಎರಡನೇ ಭಾಗವನ್ನು ಮೊದಲು ನೋಡಿ, ಆಮೇಲೆ ಇದನ್ನು ನೋಡಿದವನು. ಬೈಯಬೇಡಿ. ನನಗೆ ಒಂದು ಅನುಮಾನ. ಮ್ಯಾಕ್ಸಿಮಸ್ ಜರ್ಮೇನಿಯಾದಿಂದ ಸ್ಪೇನಿನ ತ್ರುಹಿಯೋ ತನಕ ಕುದುರೆಯಲ್ಲಿ ಹೋಗುತ್ತಾನೆ. ಮ್ಯಾಪ್‌ನಲ್ಲಿ ನೋಡಿದರೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ. ತೋಳಿಗೆ ಗಾಯ. ಅಲ್ಲಿ ಕುಸಿದು ಬೀಳುತ್ತಾನೆ, ಕಣ್ಣು ಬಿಟ್ಟರೆ ಗುಲಾಮರ ಗಾಡಿಯಲ್ಲಿ ಆಫ್ರಿಕಾ. ನಡುವೆ ಸಮುದ್ರ ಎಲ್ಲಿ ಹೋಯಿತು?

ಒಂಟಿಸೀಟು

ಬೈಯುವುದೇನಿದೆ, ಒಳ್ಳೆ ಪ್ರಶ್ನೆ. ಆ ಭಾಗ ಕನಸಿನ ಹಾಗೆ ಕತ್ತರಿಸಿ ಜೋಡಿಸಿದ್ದಾರೆ, ಪ್ರೇಕ್ಷಕ ಲೆಕ್ಕ ಕೇಳಬಾರದು ಅಂತ. ಶೂಟಿಂಗ್ ಶುರುವಾದಾಗ ಚಿತ್ರಕತೆ ಪೂರ್ತಿ ಆಗಿರಲಿಲ್ಲ ಅನ್ನುವುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಮೂವರು ಬರಹಗಾರರ ಹೆಸರಿದೆ. ಡೇವಿಡ್ ಫ್ರಾಂಜೋನಿ ಶುರು ಮಾಡಿದರು, ಜಾನ್ ಲೋಗನ್ ತಿದ್ದಿದರು, ವಿಲಿಯಂ ನಿಕಲ್ಸನ್ ಬಂದು ಸತ್ತವರ ಲೋಕದ ಎಳೆ ಗಟ್ಟಿ ಮಾಡಿದರು. ಗೋಧಿ ತೆನೆಯ ಮೇಲೆ ಕೈಯಾಡಿಸುವುದು, ಪುಟ್ಟ ಬೊಂಬೆಗಳಿಗೆ ಪ್ರಾರ್ಥಿಸುವುದು, ಜೊತೆಗಾರ ಗ್ಲಾಡಿಯೇಟರ್ ಜುಬಾ ಜೊತೆ ಸಾವಿನಾಚೆಯ ಮಾತು, ಇವೆಲ್ಲ ಆ ಎಳೆಗೆ ಸೇರಿದವು. ಇದಿಲ್ಲದಿದ್ದರೆ ಬರೀ ಸೇಡಿನ ಕತೆ. ಈಗ ಅದು ಮನೆಗೆ ಹೋಗಲು ಕಾಯುತ್ತಿರುವವನ ಕತೆ.

ಕತ್ತರಿಕೈ

ಆಲಿವರ್ ರೀಡ್ ವಿಷಯವನ್ನೂ ಸೇರಿಸಿ. ಪ್ರಾಕ್ಸಿಮೊ ಪಾತ್ರ ಮಾಡಿದವರು. 1999ರ ಮೇ 2ರಂದು ಮಾಲ್ಟಾದಲ್ಲಿ, ಚಿತ್ರೀಕರಣ ಇನ್ನೂ ಬಾಕಿ ಇರುವಾಗಲೇ ತೀರಿಕೊಂಡರು. ಬೇರೆಯವರನ್ನು ಹಾಕಿ ಮತ್ತೆ ಶೂಟ್ ಮಾಡಲಿಲ್ಲ. ಡೂಪ್ ನಿಲ್ಲಿಸಿ, ಮೊದಲೇ ತೆಗೆದ ತುಣುಕುಗಳಿಂದ ಅವರ ಮುಖ ಕಂಪ್ಯೂಟರಿನಲ್ಲಿ ಕೂರಿಸಿದರು. ಪ್ರಾಕ್ಸಿಮೊ ಸಾಯುವ ಹಾಗೆ ಕತೆಯನ್ನೂ ಬದಲಿಸಿದರು. ನೆರಳಲ್ಲಿ ಮರದ ಕತ್ತಿ ಹಿಡಿದು ಕೂತಿರುವ ಆ ಕೊನೆಯ ದೃಶ್ಯ ಹೀಗೆ ಹೊಂದಿಸಿದ್ದು. ಗೊತ್ತಿಲ್ಲದವರಿಗೆ ಗೊತ್ತಾಗುವುದಿಲ್ಲ.

ಕೊಲೋಸಿಯಂ ಕೂಡ ಹಾಗೇ. ಮಾಲ್ಟಾದ ರಿಕಾಸೋಲಿ ಕೋಟೆಯಲ್ಲಿ ಒಂದು ಭಾಗ ಮಾತ್ರ ಕಟ್ಟಿದರು, ಸುಮಾರು 16 ಮೀಟರ್ ಎತ್ತರಕ್ಕೆ. ಮೇಲಿನ ಅಂತಸ್ತುಗಳು, ಅಲ್ಲಿ ಕೂತ ಸಾವಿರಾರು ಜನ ಕಂಪ್ಯೂಟರಿನವರು. ಐದು ಆಸ್ಕರ್‌ನಲ್ಲಿ ಒಂದು ವಿಷುವಲ್ ಎಫೆಕ್ಟ್ಸ್‌ಗೆ ಬಂದದ್ದು ಸುಮ್ನೆ ಅಲ್ಲ. ಆದರೆ ರೋಮ್ ನಗರವನ್ನು ಮೇಲಿಂದ ತೋರಿಸುವ ಬೂದು ದೃಶ್ಯಗಳು ಈಗ ಹಳೇ ವಿಡಿಯೊ ಗೇಮ್ ಥರ ಕಾಣುತ್ತವೆ. ಕಲ್ಲು ಮಣ್ಣಲ್ಲಿ ಕಟ್ಟಿದ್ದು ಉಳಿಯಿತು, ಕಟ್ಟದೇ ಇದ್ದದ್ದು ಹಳಸಿತು.

ಮಲಪ್ರಭೆ

ಒಂಟಿಸೀಟು ಅವರ ಮೊದಲ ಮಾತಿಗೆ ವಾಪಸ್ ಬರೋಣ. ರಾಜಕೀಯ ಜೊಳ್ಳು ಅಂದಿರಿ. ಆದರೆ ಒಂದು ಸಣ್ಣ ಸಂಭಾಷಣೆ ಇದೆ. ಹೊರಗಿನ ಲೋಕ ಕ್ರೂರ, ಕತ್ತಲು, ರೋಮ್ ಒಂದೇ ಬೆಳಕು ಅಂತ ಮ್ಯಾಕ್ಸಿಮಸ್ ಹೇಳುತ್ತಾನೆ. ಆದರೂ ನೀನು ರೋಮ್‌ಗೆ ಯಾವತ್ತೂ ಹೋಗಿಲ್ಲವಲ್ಲ ಅಂತ ಮುದಿ ಚಕ್ರವರ್ತಿ ನಗುತ್ತಾನೆ. ಕಂಡೇ ಇರದ ಊರಿಗಾಗಿ ಜರ್ಮನ್ ಬುಡಕಟ್ಟಿನವರನ್ನು ಸುಟ್ಟುಹಾಕಿದ ಸಿಪಾಯಿ. ಆಮೇಲೆ ಆ ಊರನ್ನು ಸರಪಳಿ ಹಾಕಿಕೊಂಡು ನೋಡುತ್ತಾನೆ. ಇದು ಜೊಳ್ಳಲ್ಲ.

ಜೊಳ್ಳು ಅಂದರೆ ಅದನ್ನು ಅಲ್ಲಿಗೇ ಬಿಟ್ಟದ್ದು. ಆ ಜರ್ಮನ್ನರಿಗೆ ಮುಖವಿಲ್ಲ. ಗುಲಾಮಗಿರಿ ತಪ್ಪು ಅಂತ ಯಾರೂ ಹೇಳುವುದಿಲ್ಲ. ಒಳ್ಳೆಯವನೊಬ್ಬ ಗುಲಾಮನಾದದ್ದು ತಪ್ಪು, ಅಷ್ಟೇ. ಜುಬಾಗೂ ಹೆಂಡತಿ ಮಕ್ಕಳಿದ್ದಾರೆ, ದೂರದ ಊರಲ್ಲಿ ಬದುಕಿದ್ದಾರೆ. ಅವನು ಮನೆ ಸೇರಿದನಾ? ಯಾರಿಗೂ ಬೇಕಾಗಿಲ್ಲ. ನಾಯಕನ ಬೊಂಬೆಗಳನ್ನು ಮಣ್ಣಲ್ಲಿ ಹೂಳುವುದೇ ಅವನ ಕೊನೆಯ ಕೆಲಸ.

ಒಂಟಿಸೀಟು

ಮೇಡಂ, ಇದನ್ನು ಒಪ್ಪುತ್ತೇನೆ. ಜೊತೆಗೆ ಇನ್ನೊಂದು. ಆಫ್ರಿಕಾದ ಊರು ಜುಕಾಬಾರ್‌ನ ಅಖಾಡದಲ್ಲಿ ಎದುರಾದವರನ್ನೆಲ್ಲ ಕೊಚ್ಚಿ, ಗಣ್ಯರು ಕೂತ ಕಡೆಗೆ ಕತ್ತಿ ಎಸೆದು, ಸಾಕಾಯಿತಾ ನಿಮಗೆ, ಇದಕ್ಕೇ ಅಲ್ವಾ ಬಂದದ್ದು ಅಂತ ಮ್ಯಾಕ್ಸಿಮಸ್ ಜನರಿಗೆ ಬೈಯುತ್ತಾನೆ. ಟಾಕೀಸಿನಲ್ಲಿ ಆ ಕ್ಷಣಕ್ಕೇ ಶಿಳ್ಳೆ ಬೀಳುತ್ತದೆ. ಬೈಸಿಕೊಂಡವರು ನಾವೇ, ಶಿಳ್ಳೆ ಹೊಡೆದವರೂ ನಾವೇ. ರಕ್ತ ನೋಡಿ ಖುಷಿಪಡುವವರನ್ನು ಹೀಯಾಳಿಸುತ್ತಲೇ ಸಿನಿಮಾ ನಮಗೆ ಅದೇ ಖುಷಿ ಮಾರುತ್ತದೆ. ಇದನ್ನು ಗುಣ ಅನ್ನಬೇಕೋ ದೋಷ ಅನ್ನಬೇಕೋ, ನನ್ನಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಸುಮ್ನೆಬಂದೆ

ಟಿಕೆಟ್ ದುಡ್ಡು ವಾಪಸ್ ಕೊಡದಿದ್ದರೆ ದೋಷ.

ಹೊಸನೋಡುಗ

ರಾಜಕೀಯದ ಬಗ್ಗೆ ನನ್ನದೂ ಒಂದು ಮಾತು. ಎರಡನೇ ಭಾಗದಲ್ಲಿ 16 ವರ್ಷ ಆದಮೇಲೂ ರೋಮ್ ಹಾಗೇ ಇದೆ, ಇನ್ನೂ ಕೆಟ್ಟಿದೆ. ಇಬ್ಬರು ಹುಚ್ಚು ಅವಳಿ ಚಕ್ರವರ್ತಿಗಳು. ಹಾಗಾದರೆ ಮ್ಯಾಕ್ಸಿಮಸ್ ಸತ್ತು ಏನು ಬಂತು? ಮೊದಲ ಭಾಗದ ಕೊನೆಯಲ್ಲಿ ಎಲ್ಲರೂ ಅವನ ಹೆಣ ಹೊತ್ತು ಹೋಗುವಾಗ ಹೊಸ ರೋಮ್ ಹುಟ್ಟಿತು ಅನಿಸಿತ್ತು.

ಇತಿಹಾಸಮೇಷ್ಟ್ರು

ತಮ್ಮಾ, ಆ ಒಂದು ವಿಷಯದಲ್ಲಿ ಎರಡನೇ ಭಾಗ ಚರಿತ್ರೆಗೆ ಹತ್ತಿರ. ಬೇರೆ ವಿಷಯದಲ್ಲಿ ಬೇಡ ಬಿಡು, ಕೊಲೋಸಿಯಂಗೆ ನೀರು ತುಂಬಿಸಿ ನೌಕಾಯುದ್ಧ ನಡೆಸಿದ್ದನ್ನು ಡಿಯೊ ಬರೆದಿದ್ದಾನೆ, ಶಾರ್ಕ್ ಬಿಟ್ಟಿದ್ದನ್ನು ಯಾರೂ ಬರೆದಿಲ್ಲ. ಕಾರಕಲ್ಲಾ, ಗೇಟಾ ಅವಳಿಗಳೂ ಅಲ್ಲ. ಅವರಿಬ್ಬರೇ ಆಳಿದ್ದು 211ರಲ್ಲಿ, ವರ್ಷ ಮುಗಿಯುವುದರೊಳಗೆ ಅಣ್ಣ ತಮ್ಮನನ್ನು ಕೊಲ್ಲಿಸಿದ.

ಕೊಮೊಡಸ್ ಸತ್ತಮೇಲೆ ನಿಜವಾಗಿ ಆದದ್ದು ಕೇಳು. ಪರ್ಟಿನಾಕ್ಸ್ ಅನ್ನುವ ಒಬ್ಬ ಮರ್ಯಾದಸ್ಥ ಹಿರಿಯ ಪಟ್ಟಕ್ಕೆ ಬಂದ. ಖರ್ಚು ಕಡಿಮೆ ಮಾಡಲು, ಅರಮನೆಯ ಕಾವಲು ಪಡೆಯನ್ನು ಶಿಸ್ತಿಗೆ ತರಲು ನೋಡಿದ. ಮೂರು ತಿಂಗಳಲ್ಲಿ ಆ ಕಾವಲಿನವರೇ ಅವನನ್ನು ಕೊಂದರು. ಆಮೇಲೆ ಸಿಂಹಾಸನವನ್ನು ಹರಾಜಿಗಿಟ್ಟರು. ಉತ್ಪ್ರೇಕ್ಷೆ ಅಲ್ಲ, ಹರಾಜು. ಡಿಡಿಯಸ್ ಜೂಲಿಯಾನಸ್ ಅನ್ನುವ ಶ್ರೀಮಂತ ಒಬ್ಬೊಬ್ಬ ಸಿಪಾಯಿಗೆ 25,000 ಸೆಸ್ಟರ್ಸ್ (ರೋಮನ್ ನಾಣ್ಯ) ಕೂಗಿ ಪಡೆದ. ಎರಡು ತಿಂಗಳು ಕೂತ, ಅವನ ತಲೆಯೂ ಹೋಯಿತು. ಜನರೂ ಇಲ್ಲ, ಸೆನೆಟ್ಟೂ ಇಲ್ಲ. ಕತ್ತಿ ಯಾರ ಕೈಯಲ್ಲಿದೆಯೋ ಅವರದೇ ರಾಜ್ಯ.

ಮಲಪ್ರಭೆ

ಹಾಗಾದರೆ ಸಿನಿಮಾದಲ್ಲಿ ಅತಿ ನಿಜವಾದ ರಾಜಕೀಯ ಇರುವುದು ಕಾವಲು ಪಡೆಯ ನಾಯಕ ಕ್ವಿಂಟಸ್‌ನಲ್ಲಿ. ಕೊನೆಯ ಕಾಳಗದಲ್ಲಿ ಕೊಮೊಡಸ್‌ನ ಕತ್ತಿ ಬೀಳುತ್ತದೆ. ಕತ್ತಿ ಕೊಡಿ ಅಂತ ಸುತ್ತ ನಿಂತ ಕಾವಲಿನವರನ್ನು ಕೇಳುತ್ತಾನೆ. ಕ್ವಿಂಟಸ್, ಎಲ್ಲರೂ ಕತ್ತಿ ಒರೆಗೆ ಹಾಕಿ ಅನ್ನುತ್ತಾನೆ. ಅಲ್ಲಿಗೆ ಚಕ್ರವರ್ತಿ ಮುಗಿದ. ಸೆನೆಟರ್‌ಗಳ ಅಷ್ಟುದ್ದ ಭಾಷಣಕ್ಕಿಂತ ಆ ಒಂದು ಆಜ್ಞೆ ಮೇಲು.

ಇತಿಹಾಸಮೇಷ್ಟ್ರು

ತಂಗೀ, ಇದನ್ನು ನಾನು ಕ್ಲಾಸಿನಲ್ಲಿ ಕದ್ದು ಹೇಳುತ್ತೇನೆ.

ಗರಡಿಮನೆ

ಆದರೆ ಕ್ವಿಂಟಸ್ ಯಾಕೆ ತಿರುಗಿಬಿದ್ದ ಅಂತ ಸಿನಿಮಾ ಹೇಳುವುದಿಲ್ಲವಲ್ಲ. ಮೊದಲು ಅವನೇ ಮ್ಯಾಕ್ಸಿಮಸ್‌ನನ್ನು ಕೊಲ್ಲಲು ಕಳಿಸಿದವನು. ಕೊನೆಗೆ ದಿಢೀರನೆ ಒಳ್ಳೆಯವನಾಗಿಬಿಟ್ಟ. ನನಗೆ ಅಲ್ಲಿ ಯಾವಾಗಲೂ ಕಸಿವಿಸಿ.

ಕತ್ತರಿಕೈ

ಹೇಳಿದ್ದರು, ಕತ್ತರಿಸಿದರು. 2005ರಲ್ಲಿ ಡಿವಿಡಿಗೆ ಬಂದ ವಿಸ್ತೃತ ಆವೃತ್ತಿ 171 ನಿಮಿಷ ಇದೆ, ಥಿಯೇಟರಿನದು 155. ಅದರಲ್ಲಿ ಒಂದು ದೃಶ್ಯ ಇದೆ. ಮ್ಯಾಕ್ಸಿಮಸ್ ಸತ್ತ ಅಂತ ಸುಳ್ಳು ಹೇಳಿದ್ದಕ್ಕೆ ಕೊಮೊಡಸ್ ಇಬ್ಬರು ಕಾವಲಿನವರನ್ನು ಕಂಬಕ್ಕೆ ಕಟ್ಟಿಸಿ ಬಾಣದಿಂದ ಹೊಡೆಸುತ್ತಾನೆ. ಆಜ್ಞೆ ಕೊಡುವ ಕೆಲಸ ಕ್ವಿಂಟಸ್‌ನ ತಲೆಗೆ ಬರುತ್ತದೆ. ತನ್ನದೇ ಹುಡುಗರು, ತನ್ನದೇ ಬಾಯಿಂದ. ಅವನ ಮುಖ ನೋಡಿದರೆ ಸಾಕು, ಕ್ಲೈಮ್ಯಾಕ್ಸ್‌ನ ಕಸಿವಿಸಿ ಉಳಿಯುವುದಿಲ್ಲ.

ಅದೇ ಆವೃತ್ತಿಯಲ್ಲಿ ಕೊಮೊಡಸ್ ಅಪ್ಪನ ಪ್ರತಿಮೆಯನ್ನು ಕತ್ತಿಯಿಂದ ಕೊಚ್ಚಿ, ಆಮೇಲೆ ಅದನ್ನೇ ತಬ್ಬಿಕೊಳ್ಳುವ ದೃಶ್ಯವೂ ಇದೆ. ಒಂಟಿಸೀಟು ಅವರು ಹೇಳಿದ ಡೇರೆಯ ದೃಶ್ಯಕ್ಕೆ ನೇರ ಜೋಡಿ. ಆದರೂ ಸ್ಕಾಟ್ ಪ್ರಕಾರ ಥಿಯೇಟರಿನದೇ ತನ್ನ ಆವೃತ್ತಿ, ಇದು ಸುಮ್ನೆ ಉಳಿದ ತುಣುಕು ಸೇರಿಸಿದ್ದು. ನಾನು ಎಡಿಟಿಂಗ್ ಟೇಬಲ್ ಮೇಲಿದ್ದಿದ್ದರೆ ಹುಲಿ ಕಾಳಗದಿಂದ ಎರಡು ನಿಮಿಷ ತೆಗೆದು ಕ್ವಿಂಟಸ್‌ಗೆ ಕೊಡುತ್ತಿದ್ದೆ.

ಸುಮ್ನೆಬಂದೆ

ಹುಲಿಗೆ ಕೈ ಹಾಕಬೇಡಿ ಸರ್. ಬೇಕಾದರೆ ಸೆನೆಟ್ ಭಾಷಣ ಕತ್ತರಿಸಿ.